ಸಹಾಯ ಬೇಕು: ಅಮೆರಿಕದ ಮಿನ್ನೆಸೋಟಾ ರಾಜ್ಯದ ವನ್ಯಜೀವಿಧಾಮದಲ್ಲಿ ಬಿಲ್ಲುಬೇಟೆಗೆ ಸಿದ್ಧತೆ

ಸದಸ್ಯರೆಲ್ಲರಿಗೂ ನಮಸ್ಕಾರ. 1976ರಲ್ಲಿ ಸ್ಥಾಪನೆಯಾದ ಮಿನ್ನೆಸೋಟಾ ವ್ಯಾಲಿ ರಾಷ್ಟ್ರೀಯ ವನ್ಯಜೀವಿಧಾಮದಲ್ಲಿ, ಬೇಟೆಗೆ ಅನುಮತಿಯಿರುವ ಭಾಗವೊಂದರಲ್ಲಿ, ಈ ಅಕ್ಟೋಬರಿನಲ್ಲಿ ಬಿಳಿಬಾಲದ ಜಿಂಕೆಯನ್ನು ಬಿಲ್ಲಿನಿಂದ ಬೇಟೆಯಾಡಲು ಮೊದಲ ಬಾರಿಗೆ ಹೊರಟಿದ್ದೇನೆ. ರಾಜ್ಯದ ಪರವಾನಗಿ ಪಡೆದಾಗಿದೆ. ಮೇವು ಇಟ್ಟು ಜಿಂಕೆಯನ್ನು ಸೆಳೆಯುವುದನ್ನೂ, ಮರಕ್ಕೆ ಮೊಳೆ, ತಂತಿ ಅಥವಾ ಸ್ಕ್ರೂ ಹಾಕಿ ಅಟ್ಟಣೆ ಕಟ್ಟುವುದನ್ನೂ ಅಲ್ಲಿ ನಿಷೇಧಿಸಿರುವುದು ನನಗೆ ಸರಿಯೆನಿಸುತ್ತದೆ. ಆದ್ದರಿಂದ ಪಟ್ಟಿಯಿಂದ ಬಿಗಿಯುವ ಅಟ್ಟಣೆ ಒಳ್ಳೆಯದೋ, ನೆಲದಲ್ಲೇ ಮರೆಯಲ್ಲಿ ಕೂರುವುದೋ ಎಂಬುದನ್ನು ಅನುಭವಿಗಳು ತಿಳಿಸಬೇಕೆಂದು ಕೋರುತ್ತೇನೆ.

ಅದಕ್ಕಿಂತಲೂ ನನ್ನನ್ನು ಹೆಚ್ಚು ಕಾಡುತ್ತಿರುವುದು, ಗಾಯಗೊಂಡ ಜಿಂಕೆ ಸಿಗದೇ ಹೋದರೆ ಎಂಬ ಚಿಂತೆ. ಮೈದಾನದಲ್ಲಿ 20 ಗಜದಿಂದ ಗುರಿ ತಪ್ಪುವುದಿಲ್ಲವಾದರೂ, ಎತ್ತರದಿಂದ ಕೆಳಮುಖವಾಗಿ ಬಾಣ ಬಿಟ್ಟು ಅಭ್ಯಾಸವಿಲ್ಲ. ಬಾಣ ತಗುಲಿದ ಮೇಲೆ ಎಷ್ಟು ಹೊತ್ತು ಕಾಯಬೇಕು, ಜೌಗು ನೆಲದಲ್ಲಿ ರಕ್ತದ ಜಾಡನ್ನು ಹೇಗೆ ಹಿಡಿಯಬೇಕು? ಜೊತೆಗೆ ಬಂದು ಕಲಿಸಬಲ್ಲವರಿದ್ದರೆ ದಯವಿಟ್ಟು ತಿಳಿಸಿ.