‘ಹಿನ್ನೆಲೆ ಧ್ವನಿ’ಗೆ ಬದಲಾಗಿ ಯಾವ ಪದ?

ಮಾನ್ಯರೇ,

ರೇಡಿಯೊ ವರದಿಗಾರರ ತರಬೇತಿಗೆಂದು ಬರೆಯುತ್ತಿರುವ ಕಿರು ಕೈಪಿಡಿಯೊಂದರಲ್ಲಿ ‘ಹಿನ್ನೆಲೆ ಧ್ವನಿ’ ಎಂಬ ಪದದ ಬಳಿ ಬಂದು ನಿಂತುಬಿಟ್ಟಿದ್ದೇನೆ. ವರದಿಗಾರ ಘಟನೆಯ ಜಾಗದಲ್ಲೇ ಮುದ್ರಿಸಿಕೊಂಡು ಬಂದ ಸದ್ದನ್ನೂ, ಆಮೇಲೆ ಸ್ಟುಡಿಯೊದ ಸಂಗ್ರಹದಿಂದ ತೆಗೆದು ಸೇರಿಸಿದ ಸದ್ದನ್ನೂ ನಾವು ಇದೊಂದೇ ಪದದಿಂದ ಕರೆಯುತ್ತೇವೆ. ನಾಟಕಕ್ಕೆ ಇದರಿಂದ ತೊಂದರೆಯಿಲ್ಲ. ಸುದ್ದಿಗೆ ತೊಂದರೆಯಿದೆ, ಏಕೆಂದರೆ ಅಲ್ಲಿ ಕೇಳುಗರು ಸದ್ದನ್ನು ಸಾಕ್ಷ್ಯವೆಂದೇ ಸ್ವೀಕರಿಸುತ್ತಾರೆ.

ನೆರೆಯ ವರದಿಯೊಂದನ್ನು ಊಹಿಸಿಕೊಳ್ಳಿ. ಮನೆ ಕಳೆದುಕೊಂಡ ಮಹಿಳೆಯ ಮಾತನ್ನು ಮಳೆ ನಿಂತ ಮರುದಿನ, ಬಾಗಿಲು ಮುಚ್ಚಿದ ಕೋಣೆಯಲ್ಲಿ ಮುದ್ರಿಸಿಕೊಳ್ಳಲಾಗಿದೆ. ಸಂಕಲನದ ಹೊತ್ತಿಗೆ ಆ ಮಾತಿನ ಅಡಿಯಲ್ಲಿ ಜಡಿಮಳೆಯ ಸದ್ದೊಂದು ಬಂದು ಕೂರುತ್ತದೆ. ಆಕೆ ಮಳೆಯಲ್ಲೇ ನಿಂತು ಗೋಳಿಡುತ್ತಿದ್ದಾಳೆಂದು ಕೇಳುಗರು ನಂಬುತ್ತಾರೆ. ಮಾತಿನ ಒಂದಕ್ಷರವೂ ಬದಲಾಗದೆ ವರದಿ ಸುಳ್ಳಾಯಿತು. ಇದನ್ನು ತಪ್ಪಿಸಲು ಕೆಲವರು ಸೂಚಿಸುವ ‘ನೈಜ ಧ್ವನಿ’ ಇಲ್ಲಿ ನೆರವಿಗೆ ಬರುವುದಿಲ್ಲ: ಸಂಗ್ರಹದಲ್ಲಿದ್ದದ್ದೂ ನಿಜವಾದ ಮಳೆಯೇ, ಆದರೆ ಆ ಮಳೆಯಲ್ಲ. ‘ಸಹಜ ಧ್ವನಿ’ಯ ಗತಿಯೂ ಅಷ್ಟೇ.

‘ಧ್ವನಿ’ ಎಂಬ ಪದದ ಮೇಲೆಯೇ ನನಗೆ ಗುಮಾನಿ. ಅದು ಸದ್ದೂ ಹೌದು, ಮನುಷ್ಯರ ದನಿಯೂ ಹೌದು. ಕಾವ್ಯಮೀಮಾಂಸೆಯಲ್ಲಂತೂ ಬಾಯಿಬಿಟ್ಟು ಹೇಳದೆ ಸೂಚಿಸುವ ಅರ್ಥಕ್ಕೇ ಧ್ವನಿ ಎನ್ನುತ್ತಾರೆ. (ಆ ಜಡಿಮಳೆ ಮಾಡಿದ ಕೆಲಸವೂ ಸರಿಯಾಗಿ ಅದೇ ಎಂಬುದು ಬೇರೆ ಮಾತು.) ‘ಶಬ್ದ’ ಎಂದರೆ ಪದ ಎಂಬ ಅರ್ಥ ಅಡ್ಡ ಬರುತ್ತದೆ. ಅದರ ತದ್ಭವವಾದ ‘ಸದ್ದು’ ಮಾತ್ರ ಕಿವಿಗೆ ಬೀಳುವುದಕ್ಕಷ್ಟೇ ನಿಲ್ಲುವುದರಿಂದ, ಜಾಗದಲ್ಲೇ ಸಿಕ್ಕಿದ್ದಕ್ಕೆ ‘ಸ್ಥಳದ ಸದ್ದು’ ಎಂದೂ ಬೇರೆಡೆಯಿಂದ ತಂದದ್ದಕ್ಕೆ ‘ಎರವಲು ಸದ್ದು’ ಎಂದೂ ಸದ್ಯಕ್ಕೆ ಬರೆದುಕೊಂಡಿದ್ದೇನೆ.

ಸ್ಥಳದ ಸದ್ದು ಎಂದ ಮಾತ್ರಕ್ಕೆ ಅದು ಅಪ್ಪಟವೆಂದಲ್ಲ. 1937ರ ಮೇ 6ರಂದು ಅಮೆರಿಕದ ಲೇಕ್‌ಹರ್ಸ್ಟ್‌ನಲ್ಲಿ ಹಿಂಡೆನ್‌ಬರ್ಗ್ ವಾಯುನೌಕೆ ಹೊತ್ತಿ ಉರಿದಾಗ ರೇಡಿಯೊ ವರದಿಗಾರ ಹರ್ಬರ್ಟ್ ಮಾರಿಸನ್ ಗದ್ಗದಿತನಾಗಿ ನೀಡಿದ ವರದಿ ಮುದ್ರಣಗೊಂಡು ಆಮೇಲೆ ಪ್ರಸಾರವಾಯಿತು. ಆ ಮುದ್ರಿಕೆ ಅಸಲಿಗಿಂತ ತುಸು ವೇಗವಾಗಿ ನುಡಿಯುವುದರಿಂದ, ನಾವಿಂದು ಕೇಳುವ ದನಿ ಆತನ ನಿಜದ ದನಿಗಿಂತ ಕೀರಲು. ಅಲ್ಲಿ ಯಾರೂ ಮೋಸ ಮಾಡಿರಲಿಲ್ಲ. ಹಾಗಾಗಿ ನನ್ನ ಪದಗಳು ಸದ್ದು ಎಲ್ಲಿಂದ ಬಂತೆಂಬುದನ್ನಷ್ಟೇ ಹೇಳಬಲ್ಲವು.

ಉಳಿದಿರುವ ತೊಡಕು ಇದು. ಸಂದರ್ಶನ ಮುಗಿದ ಮೇಲೆ ಎಲ್ಲರನ್ನೂ ಸುಮ್ಮನಿರಿಸಿ, ಖಾಲಿ ಕೋಣೆಯ ಸದ್ದನ್ನು ಅರ್ಧ ನಿಮಿಷ ಮುದ್ರಿಸಿಕೊಳ್ಳುವ ರೂಢಿಯಿದೆ. ಮಾತನ್ನು ಕತ್ತರಿಸಿದಲ್ಲಿ ತೆರವಾಗುವ ಜಾಗಕ್ಕೆ ಅದನ್ನು ತುಂಬುತ್ತಾರೆ. ಅದು ನಿಶ್ಶಬ್ದವಲ್ಲ: ಫ್ಯಾನಿನ ಗುಂಯ್‌ಗುಡುವಿಕೆ ಇರುತ್ತದೆ, ದೂರದ ವಾಹನ ಇರುತ್ತದೆ. ಸ್ಥಳದ್ದೇ ಆದರೂ ಆ ಕ್ಷಣದ್ದಲ್ಲದ ಈ ಸದ್ದನ್ನು ಯಾವ ಗುಂಪಿಗೆ ಸೇರಿಸಲಿ, ಏನೆಂದು ಕರೆಯಲಿ? ಸಂಕಲನದ ಮೇಜಿನಲ್ಲಿ ಕೆಲಸ ಮಾಡಿದವರು ಇದಕ್ಕೆ ಬಾಯಿಮಾತಿನಲ್ಲಿ ಬಳಸುವ ಕನ್ನಡ ಪದವಿದ್ದರೆ ದಯವಿಟ್ಟು ತಿಳಿಸಬೇಕು.