ರೇಸಿಂಗ್ ಆಟಗಳಿಗೆ ಸ್ಟೀರಿಂಗ್ ಮತ್ತು ಪೆಡಲ್: ಕೊಂಡವರ ಅನುಭವ

ಪ್ರಶ್ನೆ, ದಾವಣಗೆರೆಯಿಂದ

ಬಾಡಿಗೆ ಮನೆಯೊಂದರ ಮೊದಲ ಮಹಡಿಯಲ್ಲಿದ್ದೇನೆ. ಕೆಳಗೆ ಮನೆಯ ಮಾಲೀಕರಿದ್ದಾರೆ. ಎರಡು ವರ್ಷಗಳಿಂದ ಕಂಪ್ಯೂಟರಿನಲ್ಲಿ ಅಸೆಟ್ಟೊ ಕೋರ್ಸಾ ಮತ್ತು ಯೂರೋ ಟ್ರಕ್ ಸಿಮ್ಯುಲೇಟರ್ 2 ಆಟಗಳನ್ನು ಗೇಮ್‌ಪ್ಯಾಡ್ ಹಿಡಿದು ಆಡುತ್ತ ಬಂದಿದ್ದು, ಈಗ ಸ್ಟೀರಿಂಗ್ ಮತ್ತು ಪೆಡಲ್ ಕೊಳ್ಳಲು 40,000 ರೂಪಾಯಿ ಕೂಡಿಟ್ಟಿದ್ದೇನೆ. ಮುಂದಿನ ವರ್ಷ ಪ್ಲೇಸ್ಟೇಷನ್ 5 ಕೊಳ್ಳುವ ಆಸೆಯೂ ಇದೆ. ಸ್ಟೀರಿಂಗುಗಳಲ್ಲಿ ಗೇರ್, ಬೆಲ್ಟ್, ಡೈರೆಕ್ಟ್ ಡ್ರೈವ್ ಎಂಬ ಬಗೆಗಳಿವೆಯೆಂದು ಓದಿದಷ್ಟೂ ಗೊಂದಲ ಹೆಚ್ಚುತ್ತಿದೆ. ಬಳಸಿ ನೋಡಿದವರು ತಮ್ಮ ಅನುಭವವನ್ನು, ಅದರಲ್ಲೂ ತಾವು ಮಾಡಿದ ತಪ್ಪುಗಳನ್ನು, ತಿಳಿಸಿದರೆ ಉಪಕಾರವಾಗುತ್ತದೆ.

ಬೆಂಗಳೂರಿನಿಂದ

ನೀವು ಸ್ಟೀರಿಂಗಿನ ಬಗ್ಗೆ ಕೇಳಿದ್ದೀರಿ. ನಾನು ಪೆಡಲಿನಿಂದ ಆರಂಭಿಸುತ್ತೇನೆ, ಏಕೆಂದರೆ ನಾನು ತಪ್ಪಿದ್ದು ಅಲ್ಲಿಯೇ. ಆರು ವರ್ಷಗಳ ಹಿಂದೆ ಕೈಯಲ್ಲಿದ್ದ ಹಣವನ್ನೆಲ್ಲ ಸ್ಟೀರಿಂಗಿನ ಮೋಟಾರಿಗೆ ಸುರಿದು, ಅದರೊಂದಿಗೆ ಪೆಟ್ಟಿಗೆಯಲ್ಲಿ ಬಂದ ಹಗುರವಾದ ಪೆಡಲುಗಳೇ ಸಾಕೆಂದುಕೊಂಡೆ. ರಸ್ತೆಯ ಉಬ್ಬುತಗ್ಗು ಕೈಗೆ ಚೆನ್ನಾಗಿಯೇ ತಿಳಿಯುತ್ತಿತ್ತು. ಆದರೆ ಇಟಲಿಯ ಮೊಂಜಾ ರೇಸ್ ಟ್ರ್ಯಾಕಿನ ಮೊದಲ ತಿರುವು ಬಂದಾಗ ಪ್ರತಿ ಸುತ್ತಿನಲ್ಲೂ ನನ್ನ ಕಾರು ಬೇರೆ ಬೇರೆ ಜಾಗದಲ್ಲಿ ನಿಧಾನವಾಗುತ್ತಿತ್ತು. ಉದ್ದನೆಯ ನೇರ ಹಾದಿಯಲ್ಲಿ ಪೂರ್ಣ ವೇಗದಿಂದ ಬಂದವರು ಅಲ್ಲಿ ಒಮ್ಮೆಲೇ ಬ್ರೇಕ್ ಒತ್ತಿ, ಮೊದಲು ಬಲಕ್ಕೆ, ಆ ಕೂಡಲೇ ಎಡಕ್ಕೆ ಹೊರಳಬೇಕು. ಒಂದು ಸುತ್ತಿನಲ್ಲಿ ಕಾರಿನ ಚಕ್ರ ತಿರುಗದೆ ಕಚ್ಚಿಕೊಂಡು ಜಾರುತ್ತಿದ್ದೆ, ಇನ್ನೊಂದರಲ್ಲಿ ಹೆದರಿ ಐವತ್ತು ಮೀಟರ್ ಮುಂಚೆಯೇ ನಿಧಾನವಾಗುತ್ತಿದ್ದೆ. ಇದು ನನ್ನ ಕೈಗುಣವೆಂದೇ ಬಹಳ ದಿನ ನಂಬಿದ್ದೆ.

ಸಾಮಾನ್ಯ ಪೆಡಲಿನೊಳಗೆ ಇರುವ ಪೊಟೆನ್ಶಿಯೋಮೀಟರ್ ಅಥವಾ ಹಾಲ್ ಸೆನ್ಸರ್, ಪೆಡಲ್ ಎಷ್ಟು ದೂರ ಸರಿಯಿತು ಎಂಬುದನ್ನು ಅಳೆಯುತ್ತದೆ. ಲೋಡ್ ಸೆಲ್ ಇರುವ ಪೆಡಲ್ ಎಷ್ಟು ಬಲವಾಗಿ ಒತ್ತಿದಿರಿ ಎಂಬುದನ್ನು ಅಳೆಯುತ್ತದೆ. ನಿಜವಾದ ಕಾರಿನಲ್ಲಿಯೂ ಬ್ರೇಕ್ ಪೆಡಲ್ ಸ್ವಲ್ಪ ಇಳಿದ ಮೇಲೆ ಗಟ್ಟಿಯಾಗುತ್ತದೆ, ಆಮೇಲಿನದೆಲ್ಲ ಒತ್ತಡದ ಲೆಕ್ಕವೇ. ಇಷ್ಟು ಅಂಗುಲ ಎಂಬುದಕ್ಕಿಂತ ಇಷ್ಟು ಬಲ ಎಂಬುದನ್ನು ನಮ್ಮ ಕಾಲು ಚೆನ್ನಾಗಿ ನೆನಪಿಟ್ಟುಕೊಳ್ಳುತ್ತದೆ. ಲೋಡ್ ಸೆಲ್ ಪೆಡಲಿಗೆ ಬದಲಾಯಿಸಿದ ಮೊದಲ ವಾರ ನನ್ನ ಅತ್ಯುತ್ತಮ ಸುತ್ತಿನ ಸಮಯ ಹೇಳಿಕೊಳ್ಳುವಷ್ಟು ಕಡಿಮೆಯಾಗಲಿಲ್ಲ, ಆದರೆ ಹತ್ತು ಸುತ್ತು ಓಡಿದರೆ ಹತ್ತೂ ಒಂದೇ ಬಗೆಯಲ್ಲಿ ಬರತೊಡಗಿದವು. ಬ್ರೇಕನ್ನು ನಿಧಾನವಾಗಿ ಸಡಿಲಿಸುತ್ತಲೇ ತಿರುವಿಗೆ ಇಳಿಯುವ ಕಲೆಯನ್ನು ನಾನು ಕಲಿತದ್ದು ಆಮೇಲೆ.

ಥ್ರಸ್ಟ್‌ಮಾಸ್ಟರ್ ಕಂಪನಿಯ ಟಿ-ಎಲ್‌ಸಿಎಂ ಪೆಡಲಿನ ಬ್ರೇಕ್ 100 ಕಿಲೋವರೆಗಿನ ಒತ್ತಡವನ್ನು ತಾಳುತ್ತದೆ ಎಂದು ಓದಿ ಗಾಬರಿಯಾಗಬೇಡಿ. ಯಾವ ಒತ್ತಡವನ್ನು ನೂರಕ್ಕೆ ನೂರು ಎಂದು ಗಣಿಸಬೇಕೆಂಬುದನ್ನು ನೀವೇ ನಿಗದಿಪಡಿಸಬಹುದು. ಅರ್ಧ ಗಂಟೆ ಆಡಿದರೂ ಕಾಲು ನೋಯದಷ್ಟು, ಆದರೆ ಸುಮ್ಮನೆ ಪಾದ ಇಟ್ಟರೆ ಚಕ್ರ ಕಚ್ಚಿಕೊಳ್ಳದಷ್ಟು ಇಟ್ಟುಕೊಳ್ಳಿ.

ಆಡುವುದು ಕಂಪ್ಯೂಟರಿನಲ್ಲಾದ್ದರಿಂದ ನಿಮಗೆ ಒಂದು ಅನುಕೂಲವಿದೆ: ಒಂದು ಕಂಪನಿಯ ಸ್ಟೀರಿಂಗನ್ನೂ ಇನ್ನೊಂದು ಕಂಪನಿಯ ಪೆಡಲನ್ನೂ ಬೇರೆ ಬೇರೆ ಯುಎಸ್‌ಬಿ ತಂತಿಗಳಲ್ಲಿ ಜೋಡಿಸಿದರೂ ಆಟ ಎರಡನ್ನೂ ಗುರುತಿಸುತ್ತದೆ. ಆದ್ದರಿಂದ ಸಾಧಾರಣ ಸ್ಟೀರಿಂಗ್, ಒಳ್ಳೆಯ ಬ್ರೇಕ್ ಎಂಬುದು ನನ್ನ ಸಲಹೆ.

ಮೈಸೂರಿನಿಂದ

ಮೇಲಿನವರ ಮಾತನ್ನು ಪೂರ್ತಿ ಒಪ್ಪಲಾರೆ. ಪ್ರಶ್ನೆ ಕೇಳಿದವರು ಟ್ರಕ್ಕನ್ನೂ ಓಡಿಸುತ್ತಾರೆ, ಅಲ್ಲಿ ಬ್ರೇಕಿನ ಸೂಕ್ಷ್ಮಕ್ಕಿಂತ ಸ್ಟೀರಿಂಗ್ ಎಷ್ಟು ಸುತ್ತು ತಿರುಗುತ್ತದೆ ಎಂಬುದೇ ಮುಖ್ಯ. ನಾನು ಮೊದಲು ಕೊಂಡದ್ದು 180 ಡಿಗ್ರಿ ಮಾತ್ರ ತಿರುಗುವ, ಒಳಗೆ ರಬ್ಬರಿನಿಂದ ಮಧ್ಯಕ್ಕೆ ಮರಳುವ ಅಗ್ಗದ ಸ್ಟೀರಿಂಗ್ ಚಕ್ರ. ಟ್ರಕ್ಕನ್ನು ಗೋದಾಮಿನೊಳಗೆ ಹಿಮ್ಮುಖವಾಗಿ ನಿಲ್ಲಿಸುವಾಗ ಕೈ ಎರಡು ಬೆರಳಷ್ಟು ಅಲುಗಿದರೂ ಟ್ರೇಲರ್ ಅಡ್ಡಾದಿಡ್ಡಿ ಮಡಚಿಕೊಳ್ಳುತ್ತಿತ್ತು. ಮೂರು ತಿಂಗಳಿಗೆ ಅದು ಅಟ್ಟ ಸೇರಿತು. 900 ಡಿಗ್ರಿ, ಅಂದರೆ ಎರಡೂವರೆ ಸುತ್ತು ತಿರುಗದ, ಫೋರ್ಸ್ ಫೀಡ್‌ಬ್ಯಾಕ್ (ರಸ್ತೆ, ತಿರುವುಗಳ ಬಲವನ್ನು ಮೋಟಾರಿನಿಂದ ಕೈಗೆ ಮುಟ್ಟಿಸುವ ವ್ಯವಸ್ಥೆ) ಇಲ್ಲದ ಚಕ್ರಕ್ಕೆ ಒಂದು ರೂಪಾಯಿಯನ್ನೂ ಕೊಡಬೇಡಿ. ಅದರ ಬದಲು ಗೇಮ್‌ಪ್ಯಾಡೇ ವಾಸಿ. ಪೆಟ್ಟಿಗೆಯ ಮೇಲೆ ‘ವೈಬ್ರೇಷನ್’ ಎಂದಷ್ಟೇ ಬರೆದಿದ್ದರೆ ಅದು ಫೋರ್ಸ್ ಫೀಡ್‌ಬ್ಯಾಕ್ ಅಲ್ಲ, ಬರಿಯ ನಡುಕ.

ಇನ್ನು ಗೇರ್, ಬೆಲ್ಟ್, ಡೈರೆಕ್ಟ್ ಡ್ರೈವ್ ಎಂಬ ಆ ಮೂರು ಹೆಸರುಗಳ ವಿಷಯ. ಮೋಟಾರಿನ ಬಲವನ್ನು ಚಕ್ರಕ್ಕೆ ಹೇಗೆ ಮುಟ್ಟಿಸುತ್ತಾರೆ ಎಂಬುದಷ್ಟೇ ಅವುಗಳ ವ್ಯತ್ಯಾಸ. 2015ರಲ್ಲಿ ಬಂದ ಲಾಜಿಟೆಕ್ ಜಿ29ರಲ್ಲಿ ಹಲ್ಲುಚಕ್ರಗಳ ಮೂಲಕ ಬಲ ಬರುತ್ತದೆ. ಬಲ ಸುಮಾರು 2 ನ್ಯೂಟನ್ ಮೀಟರ್ (ಇದು ತಿರುಗಿಸುವ ಬಲದ ಅಳತೆ). ಮಧ್ಯಭಾಗದಲ್ಲಿ ಹಲ್ಲುಗಳ ನಡುವಿನ ಸಡಿಲ ಕೈಗೆ ಗೊತ್ತಾಗುತ್ತದೆ, ರಸ್ತೆಯಂಚಿನ ದಿಂಡುಗಳ ಮೇಲೆ ಹತ್ತಿದಾಗ ಕಟಕಟ ಸದ್ದು ಕೇಳುತ್ತದೆ. ಥ್ರಸ್ಟ್‌ಮಾಸ್ಟರ್ ಟಿ300ರಂತಹ ಬೆಲ್ಟಿನ ಚಕ್ರ ಮೃದು ಮತ್ತು ನಿಶ್ಶಬ್ದ. ಡೈರೆಕ್ಟ್ ಡ್ರೈವ್ ಎಂದರೆ ಮೋಟಾರಿನ ದಂಡಕ್ಕೇ ಚಕ್ರವನ್ನು ಕೂರಿಸಿರುವುದು, ನಡುವೆ ಏನೂ ಇಲ್ಲ. ಫನಾಟೆಕ್ ಸಿಎಸ್‌ಎಲ್ ಡಿಡಿ 5 ನ್ಯೂಟನ್ ಮೀಟರ್, ದೊಡ್ಡ ವಿದ್ಯುತ್ ಅಡಾಪ್ಟರ್ ಹಾಕಿದರೆ 8; ಮೋಜಾ ಆರ್5 ಎಂಬುದು 5.5, ಲಾಜಿಟೆಕ್‌ನ ಜಿ ಪ್ರೊ 11. ಕಾರಿನ ಹಿಂದಿನ ಚಕ್ರ ಜಾರತೊಡಗಿದ ಕ್ಷಣವನ್ನು ಡೈರೆಕ್ಟ್ ಡ್ರೈವ್ ಬೇಗ ತಿಳಿಸುತ್ತದೆ ಎಂಬುದು ನಿಜ, ಗೆಳೆಯನ ಮನೆಯಲ್ಲಿ ಆಡಿ ನೋಡಿದ್ದೇನೆ.

ಯಾವುದನ್ನೇ ಕೊಂಡರೂ ಮೊದಲ ದಿನ ಬಲವನ್ನು ಪೂರ್ತಿ ಏರಿಸುವ ಚಪಲ ಎಲ್ಲರಿಗೂ ಇರುತ್ತದೆ. ಸಣ್ಣ ಮೋಟಾರಿಗೆ ತಾಳಲಾಗದಷ್ಟು ಬಲವನ್ನು ಆಟ ಕೇಳಿದಾಗ ಅದು ತನ್ನ ಗರಿಷ್ಠದಲ್ಲೇ ನಿಂತುಬಿಡುತ್ತದೆ. ಆಗ ತಿರುವಿನ ಭಾರವೂ ಉಬ್ಬಿನ ಹೊಡೆತವೂ ಒಂದೇ ಆಗಿ, ವಿವರವೆಲ್ಲ ಅಳಿಸಿಹೋಗುತ್ತದೆ. ಇದನ್ನು ಕ್ಲಿಪಿಂಗ್ ಎನ್ನುತ್ತಾರೆ. ಅಸೆಟ್ಟೊ ಕೋರ್ಸಾದಲ್ಲಿ ಪೆಡಲುಗಳನ್ನು ತೋರಿಸುವ ಚಿಕ್ಕ ಕಿಟಕಿಯಲ್ಲಿ ಬೂದು ಬಣ್ಣದ ಪಟ್ಟಿಯೊಂದಿದೆ. ಅದು ಪದೇಪದೇ ಕೆಂಪಾಗುತ್ತಿದ್ದರೆ ಬಲವನ್ನು ಇಳಿಸಿ. ಚಕ್ರ ಹಗುರವಾದಂತೆ ಅನ್ನಿಸಿದರೂ ತಿಳಿವಳಿಕೆ ಹೆಚ್ಚುತ್ತದೆ.

ಹುಬ್ಬಳ್ಳಿಯಿಂದ

ಇಬ್ಬರೂ ಹೇಳದ ಸಂಗತಿಯೊಂದಿದೆ: ಇವನ್ನೆಲ್ಲ ಎಲ್ಲಿ ಕೂರಿಸುತ್ತೀರಿ? ಗಾಲಿಕುರ್ಚಿಯಲ್ಲಿ ಕುಳಿತು ಗಟ್ಟಿ ಬ್ರೇಕ್ ಒತ್ತಿದ ಮೊದಲ ದಿನ ಕಾರು ನಿಲ್ಲಲಿಲ್ಲ, ನಾನು ಕುರ್ಚಿಸಮೇತ ಹಿಂದಿನ ಬೀರುವಿಗೆ ಹೋಗಿ ತಾಗಿದೆ. ಹಳೆಯ ಶೂಗಳೊಳಗೆ ಕುರ್ಚಿಯ ಗಾಲಿಗಳನ್ನು ಇಟ್ಟರೆ ಅದು ಅಲುಗದು ಎಂಬ ಉಪಾಯವನ್ನು ಯಾರೋ ಹೇಳಿದ್ದರು. ಹಗುರ ಪೆಡಲಿಗೆ ಅದು ಸಾಕಾಯಿತು. ಲೋಡ್ ಸೆಲ್ ಬಂದ ಮೇಲೆ ಪೆಡಲಿನ ತಟ್ಟೆಯೇ ಟೈಲ್ಸ್ ಮೇಲೆ ಮುಂದಕ್ಕೆ ಜಾರತೊಡಗಿತು. ಅದನ್ನು ಗೋಡೆಗೆ ಒತ್ತರಿಸಿದರೆ ಹಿಮ್ಮಡಿಯ ಭಾಗ ಮೇಲೇಳುತ್ತಿತ್ತು. ಪೆಡಲಿನ ಚೌಕಟ್ಟು ಅಲುಗಿದಷ್ಟೂ ನೀವು ಒತ್ತಿದ ಬಲ ಸೋರಿಹೋಗುತ್ತದೆ, ಹಾಗಾದ ಮೇಲೆ ಅಷ್ಟು ಹಣ ಕೊಟ್ಟು ಬಲ ಅಳೆಯುವ ಬ್ರೇಕ್ ತಂದ ಉದ್ದೇಶವೇ ವ್ಯರ್ಥ.

ಕೊನೆಗೆ ನಮ್ಮ ಬಡಾವಣೆಯ ವೆಲ್ಡಿಂಗ್ ಅಂಗಡಿಗೆ ಹೋದೆ. ಕಿಟಕಿಯ ಸರಳು, ಗೇಟು ಮಾಡುವವರು ಅವರು; ನನ್ನ ಚಿತ್ರ ನೋಡಿ ಮೊದಲು ನಕ್ಕರು. ದಪ್ಪ ಚೌಕ ಪೈಪಿನಿಂದ ಚೌಕಟ್ಟು, ಸ್ಟೀರಿಂಗಿಗೂ ಪೆಡಲಿಗೂ 18 ಮಿಲಿಮೀಟರ್ ಪ್ಲೈವುಡ್ ಹಲಗೆ, ಗುಜರಿಯಿಂದ ತಂದ ಮಾರುತಿ ಕಾರಿನ ಮುಂದಿನ ಸೀಟು, ಅದರದೇ ಹಳಿಯ ಸಮೇತ. ಸೀಟನ್ನು ಹಿಂದೆ ಮುಂದೆ ಸರಿಸಲು ಬರುವುದರಿಂದ ನನ್ನ ತಮ್ಮನೂ ಆಡುತ್ತಾನೆ. ಸೀಟೂ ಪೆಡಲೂ ಒಂದೇ ಚೌಕಟ್ಟಿಗೆ ಬಿಗಿಯಾಗಿರುವುದರಿಂದ ಎಷ್ಟು ಒತ್ತಿದರೂ ಎರಡರ ನಡುವಿನ ಅಂತರ ಬದಲಾಗುವುದಿಲ್ಲ, ಗುಟ್ಟೆಲ್ಲ ಅಷ್ಟೇ. ಪೆಡಲಿನ ಹಲಗೆಯನ್ನು ಸ್ವಲ್ಪ ಓರೆಯಾಗಿ ನಿಲ್ಲಿಸಲು, ಎತ್ತರ ಬದಲಿಸಲು ಎರಡು ಮೂರು ಸಾಲು ರಂಧ್ರ ಹೊಡೆಸಿಕೊಳ್ಳಿ, ಏಕೆಂದರೆ ಮೊದಲ ಅಳತೆ ಯಾರಿಗೂ ಸರಿಹೋಗುವುದಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಇಲ್ಲಿ ತಿರುಗುಮುರುಗು: ಕಾಲು ಎಷ್ಟು ಚಾಚಿದೆಯೋ ಅಷ್ಟಕ್ಕೆ ಚೌಕಟ್ಟನ್ನು ಹೊಂದಿಸಬೇಕು.

ಕೆಳಗೆ ಮಾಲೀಕರಿದ್ದಾರೆ ಎಂದಿದ್ದೀರಿ. ಚೌಕಟ್ಟಿನ ಕಾಲುಗಳಡಿ ದಪ್ಪ ರಬ್ಬರ್ ಹಾಳೆ ಹಾಕಿ. ಮೋಟಾರಿನ ಸದ್ದಿಗಿಂತ ಬ್ರೇಕ್ ಒದೆಯುವ ದಬ್ ಎಂಬ ಸದ್ದೇ ರಾತ್ರಿ ಕೆಳಗಿನ ಮನೆಗೆ ಕೇಳುತ್ತದೆ.

ತುಮಕೂರಿನಿಂದ

ಪ್ಲೇಸ್ಟೇಷನ್ ಕೊಳ್ಳುವ ಆಸೆ ನಿಜವಾಗಿಯೂ ಇದ್ದರೆ ಈಗಲೇ ಪೆಟ್ಟಿಗೆಯ ಮೇಲಿನ ಗುರುತನ್ನು ನೋಡಿ ಕೊಳ್ಳಿ. ಜಿ29 ಪ್ಲೇಸ್ಟೇಷನ್‌ಗೆ, ಅದರ ಅವಳಿಯಂತಿರುವ ಜಿ920 ಎಕ್ಸ್‌ಬಾಕ್ಸ್‌ಗೆ. ಎರಡೂ ಕಂಪ್ಯೂಟರಿಗೆ ಆಗುತ್ತವೆ, ಆದರೆ ಒಂದರ ಕೆಲಸವನ್ನು ಇನ್ನೊಂದು ಮಾಡುವುದಿಲ್ಲ. ಜಿ923 ಎಂಬುದು ಒಂದೇ ಹೆಸರಿನಲ್ಲಿ ಎರಡು ಬಗೆಯಾಗಿ ಸಿಗುವುದರಿಂದ ಆತುರದಲ್ಲಿ ತಪ್ಪು ಪೆಟ್ಟಿಗೆ ಮನೆಗೆ ಬಂದೀತು. ಮೋಜಾ ಆರ್5 ಕಂಪ್ಯೂಟರಿಗೆ ಮಾತ್ರ. ಬೆಂಗಳೂರಿನವರು ಹೇಳಿದ ಬೇರೆ ಬೇರೆ ಯುಎಸ್‌ಬಿ ಉಪಾಯವೂ ಪ್ಲೇಸ್ಟೇಷನ್‌ನಲ್ಲಿ ನಡೆಯದು. ಅಲ್ಲಿ ಪೆಡಲಿನ ತಂತಿ ಅದೇ ಕಂಪನಿಯ ಸ್ಟೀರಿಂಗಿನ ಹಿಂಬದಿಗೇ ಹೋಗಬೇಕು.

ಮೆಲ್ಬರ್ನಿನಿಂದ

ಊರಿಗೆ ಬರುವ ನೆಂಟರ ಕೈಯಲ್ಲಿ ಹೊರದೇಶದಿಂದ ತರಿಸಿಕೊಳ್ಳೋಣವೆಂದು ಯೋಚಿಸುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನು ಭಾವಮೈದುನನಿಗಾಗಿ ಡೈರೆಕ್ಟ್ ಡ್ರೈವ್ ಒಂದನ್ನು ಸೂಟ್‌ಕೇಸಿನಲ್ಲಿ ಹೊತ್ತು ತಂದೆ. ಮೋಟಾರ್, ಚಕ್ರ, ಪೆಡಲ್ ಸೇರಿ ನನ್ನ ಬಟ್ಟೆಬರೆಗೆ ಜಾಗವೇ ಉಳಿಯಲಿಲ್ಲ. ಎಂಟು ತಿಂಗಳಿಗೆ ಅದರ ಮೋಟಾರು ಕೆಟ್ಟಾಗ, ಕೊಂಡ ದೇಶದಲ್ಲಿ ಮಾತ್ರ ವಾರಂಟಿ ಎಂಬ ಉತ್ತರ ಬಂತು. ಉಳಿಸಿದ ಹಣ ಸಾಗಾಟಕ್ಕೇ ಹೋಯಿತು. ಕಂಪನಿಗಳ ಸ್ಥಿತಿಗತಿಯನ್ನೂ ನೋಡಬೇಕು: ಫನಾಟೆಕ್‌ನ ಮಾತೃಸಂಸ್ಥೆಯಾದ ಜರ್ಮನಿಯ ಎಂಡೋರ್ 2024ರಲ್ಲಿ ದಿವಾಳಿ ಪ್ರಕ್ರಿಯೆಗೆ ಒಳಗಾಗಿ, ಅದೇ ವರ್ಷ ಫನಾಟೆಕ್ ಅಮೆರಿಕದ ಕೋರ್ಸೇರ್ ಕಂಪನಿಯ ಪಾಲಾಯಿತು. ಆದ್ದರಿಂದ ಭಾರತದಲ್ಲಿಯೇ ಬಿಲ್ ಸಿಗುವ, ಭಾರತದಲ್ಲಿಯೇ ದುರಸ್ತಿಯಾಗುವ ವಸ್ತುವನ್ನು ಕೊಳ್ಳಿ.

ಬಲವಾದ ಮೋಟಾರ್ ಕೊಳ್ಳುವವರಿಗೆ ಇನ್ನೊಂದು ಮಾತು. ಕಾರು ಗೋಡೆಗೆ ಬಡಿದಾಗ ಚಕ್ರ ಬೆರಳು ತಿರುಚುವಷ್ಟು ಜೋರಾಗಿ ತಿರುಗುತ್ತದೆ. ಹೆಬ್ಬೆರಳನ್ನು ಚಕ್ರದ ಕಡ್ಡಿಗಳೊಳಗೆ ಸಿಕ್ಕಿಸಿ ಹಿಡಿಯಬೇಡಿ. ಚಿಕ್ಕ ಮಕ್ಕಳು ಕುಳಿತಾಗ ಬಲವನ್ನು ಇಳಿಸಿಯೇ ಕೊಡಿ.

ಮಂಗಳೂರಿನಿಂದ

ಈ ಬಜೆಟ್ಟಿಗೆ ಬಳಸಿದ ಸ್ಟೀರಿಂಗೇ ಸರಿ, ಏಕೆಂದರೆ ಹುಮ್ಮಸ್ಸಿನಲ್ಲಿ ಕೊಂಡು ಆರು ತಿಂಗಳಿಗೆ ಮೂಲೆಗಿಟ್ಟವರು ಬಹಳ ಮಂದಿ. ನಾನು ಹೀಗೆ ಮೂರು ಕೊಂಡಿದ್ದೇನೆ, ಒಂದರಲ್ಲಿ ಮೋಸ ಹೋಗಿದ್ದೇನೆ. ಮಾರುವವರ ಮನೆಯಲ್ಲಿಯೇ ವಿದ್ಯುತ್ ಕೊಟ್ಟು ನೋಡಿ: ಚಕ್ರ ತಾನಾಗಿಯೇ ಎರಡೂ ಕೊನೆಗೆ ತಿರುಗಿ, ಮಧ್ಯಕ್ಕೆ ಬಂದು ನೇರವಾಗಿ ನಿಲ್ಲಬೇಕು. ಹತ್ತು ಡಿಗ್ರಿ ಓರೆಯಾಗಿ ನಿಂತರೆ ಚಕ್ರ ಎಷ್ಟು ತಿರುಗಿತೆಂದು ಅಳೆಯುವ ಒಳಗಿನ ಎನ್‌ಕೋಡರ್ ಹಾಳಾಗಿರಬಹುದು. ವಿಂಡೋಸ್‌ನ ಗೇಮ್ ಕಂಟ್ರೋಲರ್ ಪುಟವನ್ನು ತೆರೆದು ಪ್ರತಿ ಪೆಡಲನ್ನೂ ಬಹಳ ನಿಧಾನವಾಗಿ ಒತ್ತಿ. ಪಟ್ಟಿ ಸರಾಗವಾಗಿ ಏರದೆ ಎಗರುತ್ತಿದ್ದರೆ ಪೊಟೆನ್ಶಿಯೋಮೀಟರಿನೊಳಗೆ ದೂಳು ಸೇರಿದೆ ಅಥವಾ ಅದು ಸವೆದಿದೆ. ದೂಳಾಗಿದ್ದರೆ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಸಿಗುವ ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿದರೆ ಸರಿಹೋಗುತ್ತದೆ, ಸವೆದಿದ್ದರೆ ಬದಲಿಸಬೇಕು. ಅಯಸ್ಕಾಂತದಿಂದ ಅಳೆಯುವ ಹಾಲ್ ಸೆನ್ಸರಿಗೆ ಈ ರೋಗವಿಲ್ಲ. ಹತ್ತು ನಿಮಿಷ ಆಡಿ ನೋಡದೆ ಹಣ ಕೊಡಬೇಡಿ, ಏಕೆಂದರೆ ನನಗಾದ ಮೋಸ ಬಿಸಿಯೇರಿದ ಮೇಲೆ ಬಲ ಕಳೆದುಕೊಳ್ಳುವ ಮೋಟಾರಿನದು. ತಣ್ಣಗಿದ್ದಾಗ ಅದು ಹೊಸದರಂತೆಯೇ ಇತ್ತು.

ಟ್ರಕ್ಕಿಗಾಗಿ ಗೇರಿನ ಕೋಲನ್ನೂ ಕೊಳ್ಳುವುದಾದರೆ ಅದನ್ನು ಎಡಕ್ಕೂ ಬಲಕ್ಕೂ ಬಿಗಿಯಲು ಬರುತ್ತದೆಯೇ ಎಂದು ನೋಡಿ. ನಮ್ಮ ರಸ್ತೆಗಳಲ್ಲಿ ಎಡಗೈಯಲ್ಲಿ ಗೇರ್ ಬದಲಿಸಿ ರೂಢಿಯಾದ ನಮಗೆ ಯೂರೋಪಿನ ವಾಹನಗಳಲ್ಲಿ ಅದು ಬಲಕ್ಕೆ ಬರುತ್ತದೆ. ನಾನು ಎಡಕ್ಕೇ ಬಿಗಿದುಕೊಂಡು, ಆಟದಲ್ಲಿ ಬಲಬದಿಯ ಸ್ಟೀರಿಂಗಿನ ಟ್ರಕ್ಕನ್ನು ಆಯ್ದುಕೊಂಡಿದ್ದೇನೆ. ಬ್ರಿಟನ್ನಿನ ರಸ್ತೆಗಳಲ್ಲಿ ಊರಲ್ಲಿದ್ದಂತೆಯೇ ಇರುತ್ತದೆ.

ದಾವಣಗೆರೆಯಿಂದ, ಐದು ವಾರಗಳ ನಂತರ

ಎಲ್ಲರಿಗೂ ಧನ್ಯವಾದ. ಕೊನೆಗೆ ಬಳಸಿದ ಜಿ29 ಒಂದನ್ನು ಮಾರುವವರ ಮನೆಯಲ್ಲಿ ಅರ್ಧ ಗಂಟೆ ಓಡಿಸಿ ನೋಡಿ ತಂದೆ. ಚೌಕಟ್ಟನ್ನು ಇಲ್ಲಿಯ ವೆಲ್ಡಿಂಗ್ ಅಂಗಡಿಯಲ್ಲೇ ಮಾಡಿಸಿದೆ, ಸೀಟು ಗುಜರಿಯದು. ಉಳಿದ ಹಣವನ್ನು ಲೋಡ್ ಸೆಲ್ ಪೆಡಲಿಗೆಂದು ಎತ್ತಿಟ್ಟಿದ್ದೇನೆ. ಪ್ಲೇಸ್ಟೇಷನ್ ಸದ್ಯಕ್ಕೆ ಇಲ್ಲ ಎಂದು ತೀರ್ಮಾನಿಸಿದ ಮೇಲೆ ಯಾವ ಕಂಪನಿಯದಾದರೂ ನಡೆಯುತ್ತದೆ. ಜೊತೆಗೆ ಬಂದ ಪೆಡಲಿನಲ್ಲಿಯೇ ಮೊಂಜಾದಲ್ಲಿ ಹತ್ತು ಸುತ್ತು ಓಡಿ ಬರೆದಿಟ್ಟುಕೊಂಡಿದ್ದೇನೆ: ಅತಿ ವೇಗದ ಸುತ್ತಿಗೂ ಅತಿ ನಿಧಾನದ ಸುತ್ತಿಗೂ ನಾಲ್ಕು ಸೆಕೆಂಡಿನ ಅಂತರವಿದೆ. ಹೊಸ ಪೆಡಲ್ ಬಂದ ದಿನ ಮತ್ತೆ ಹತ್ತು ಸುತ್ತು ಓಡಿ ಆ ಅಂತರವನ್ನು ಇಲ್ಲಿ ಬರೆಯುತ್ತೇನೆ. ರಬ್ಬರ್ ಹಾಳೆ ಹಾಕಿದ್ದರೂ ರಾತ್ರಿ ಹತ್ತರ ಮೇಲೆ ಟ್ರಕ್ಕನ್ನು ಮಾತ್ರ ಓಡಿಸಬೇಕೆಂದು ಕೆಳಗಿನ ಮನೆಯವರು ಹೇಳಿದ್ದಾರೆ.