ಸಹಾಯ ಬೇಕು: ಮೊಳೆ ಹೊಕ್ಕ ಒಂದು ಮೂಳೆಯಿಂದ ಎಷ್ಟು ಹೇಳಬಹುದು?

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ನಮ್ಮ ಸಭೆಯ ಯುವಕರ ಮುಂದೆ ಯೇಸುವಿನ ಸಮಾಧಿಯ ಬಗ್ಗೆ ಮಾತಾಡಬೇಕು. ಒಂದು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ.

ಯೇಸುವಿಗೆ ಶಿಲುಬೆ ಶಿಕ್ಷೆ ಕೊಟ್ಟ ರೋಮನ್ ಅಧಿಕಾರಿ ಪಿಲಾತನ ವಿಷಯ ಸುಲಭ. 1961ರಲ್ಲಿ ಕೈಸರೈಯದಲ್ಲಿ ಅವನ ಹೆಸರಿರುವ ಕಲ್ಲು ಸಿಕ್ಕಿದೆ. ಅಷ್ಟು ಸಾಕು.

ಗೊಂದಲ ಇರುವುದು ಶಿಲುಬೆಗೇರಿಸಲ್ಪಟ್ಟ ಯೆಹೋಹಾನಾನ್ ಎಂಬ ಯೆಹೂದ್ಯನ ಮೂಳೆಯಲ್ಲಿ. 1968ರಲ್ಲಿ ಯೆರೂಸಲೇಮಿನ ಒಂದು ಗುಹೆ ಸಮಾಧಿಯಲ್ಲಿ, ಮೂಳೆ ಇಡುವ ಕಲ್ಲಿನ ಪೆಟ್ಟಿಗೆಯೊಳಗೆ, ಕಬ್ಬಿಣದ ಮೊಳೆ ಹೊಕ್ಕ ಹಿಮ್ಮಡಿ ಮೂಳೆ ಸಿಕ್ಕಿತು. ಮೊಳೆಯ ತುದಿ ಬಾಗಿತ್ತು. ಅದಕ್ಕೇ ಕೀಳಲು ಆಗಿರಲಿಕ್ಕಿಲ್ಲ ಅಂತಾರೆ. ಅಂದರೆ ಶಿಲುಬೆಗೇರಿಸಿದವನಿಗೂ ಕುಟುಂಬದ ಸಮಾಧಿಯಲ್ಲಿ ಜಾಗ ಸಿಕ್ಕಿತ್ತು, ಅಲ್ವಾ? ಓದಿದಾಗ ಮೈ ಜುಮ್ಮೆಂದಿತು. ಯೇಸುವಿನ ದೇಹವನ್ನು ಹೂಳಲು ಅರಿಮಥಾಯದ ಯೋಸೇಫ ಪಿಲಾತನಿಂದ ಕೇಳಿ ಪಡೆದದ್ದು ಕಣ್ಣ ಮುಂದೆ ಬಂತು. ಶಿಲುಬೆಗೇರಿಸಿದವರನ್ನೂ ಯೆಹೂದ್ಯರು ಸೂರ್ಯ ಮುಳುಗುವ ಮೊದಲೇ ಇಳಿಸಿ ಹೂಳುತ್ತಿದ್ದರು ಅಂತ ಆ ಕಾಲದ ಯೆಹೂದಿ ಇತಿಹಾಸಕಾರ ಜೋಸೆಫಸ್ ಕೂಡ ಬರೆದಿದ್ದಾನೆ.

ಆದರೆ ರೋಮನ್ನರು ಸಾವಿರಾರು ಜನರನ್ನು ಶಿಲುಬೆಗೇರಿಸಿದರು. ಮೊಳೆ ಸಮೇತ ಸಿಕ್ಕ ಮೂಳೆಗಳು ಮಾತ್ರ ಬೆರಳೆಣಿಕೆಯಷ್ಟು. 2017ರಲ್ಲಿ ಇಂಗ್ಲೆಂಡಿನ ಫೆನ್‌ಸ್ಟಾಂಟನ್‌ನಲ್ಲಿ ಇನ್ನೊಂದು ಸಿಕ್ಕಿತು.

ಹತ್ತಾರು ಲೇಖನ ಓದಿದೆ, ವಿಡಿಯೋ ನೋಡಿದೆ, ಪಾಸ್ಟರನ್ನೂ ಕೇಳಿದೆ. ಕೆಲವರು, ರೋಮನ್ನರು ಹಗ್ಗದಿಂದಲೂ ಕಟ್ಟುತ್ತಿದ್ದರು, ಮೊಳೆ ಕಿತ್ತು ಮತ್ತೆ ಬಳಸುತ್ತಿದ್ದರು, ಅದಕ್ಕೇ ಗುರುತು ಉಳಿದಿಲ್ಲ ಅಂತಾರೆ. ಇನ್ನು ಕೆಲವರು ಹೆಚ್ಚಿನವರನ್ನು ಹೂಳಲೇ ಇಲ್ಲ ಅಂತಾರೆ. ಯುವಕರಿಗೆ ಸುಮ್ನೆ ಜಾಸ್ತಿ ಹೇಳಿಬಿಡಲು ಮನಸ್ಸಿಲ್ಲ.

ಪುರಾತತ್ವ ಓದಿದವರು ದಯವಿಟ್ಟು ತಿಳಿಸಿ: ಇಂಥ ಮೂಳೆ ಇಷ್ಟು ಅಪರೂಪ ಅನ್ನುವುದು ಹೆಚ್ಚಿನವರಿಗೆ ಸಮಾಧಿ ಸಿಗಲಿಲ್ಲ ಅನ್ನುವುದಕ್ಕೆ ಸಾಕ್ಷಿ ಆಗುತ್ತದಾ, ಅಥವಾ ಗುರುತು ಉಳಿಯದ್ದಕ್ಕೆ ಮೊಳೆ ಕಿತ್ತದ್ದೇ ಸಾಕಾದ ಕಾರಣವಾ?